ಬಿಸಿಲು 42, ಎಂಜಿನ್ 92: ಪಿಕಪ್ ಗಾಡಿಗೆ ಎಷ್ಟು ಬಿಸಿ ಸಹಜ?

ಯುಗಾದಿ ಕಳೆದು ಬಿಸಿಲು ಬಲಿಯಿತೆಂದರೆ ಹೊಸಪೇಟೆಯ ಗ್ಯಾರೇಜುಗಳಲ್ಲಿ ಬೆಳಗಿನಿಂದ ಸಂಜೆವರೆಗೂ ಒಂದೇ ದೂರು: ‘ಮೇಸ್ತ್ರಿ, ಗಾಡಿ ಭಾಳ ಹೀಟ್ ಆಗಾಕ ಹತ್ತೈತಿ, ಒಂಚೂರು ನೋಡ್ರಿ.’ ಎಷ್ಟು ಹೀಟ್ ಎಂದು ಕೇಳಿದರೆ ಬರುವ ಉತ್ತರಗಳು ತರಹೇವಾರಿ. ಬಾನೆಟ್ ಮುಟ್ಟಿದರೆ ಸುಡುತ್ತದೆ, ಕ್ಯಾಬಿನ್ನಿನಲ್ಲಿ ಕಾಲಿಡಲು ಆಗುವುದಿಲ್ಲ, ಫ್ಯಾನ್ ಜೋರು ಸದ್ದು ಮಾಡುತ್ತದೆ, ಮುಳ್ಳು ಒಂದು ಗೆರೆ ಮೇಲೆ ಹೋಗಿತ್ತು. ಮೊದಲ ಮೂರು ಬೇಸಿಗೆಯಲ್ಲಿ ಎಲ್ಲ ಗಾಡಿಗಳಲ್ಲೂ ಕಾಣುವಂಥವು. ಕಿವಿಗೊಡಬೇಕಾದದ್ದು ಕೊನೆಯದಕ್ಕೆ.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯ ದಂಧೆ ನಡೆಯುವುದು ಪಿಕಪ್ ಗಾಡಿಗಳ ಮೇಲೆ. ಬಾಳೆಗೊನೆ, ಭತ್ತದ ಚೀಲ, ಬೆಲ್ಲ, ಸಿಮೆಂಟು, ಕಬ್ಬಿಣದ ಸರಳು, ಮದುವೆಯ ಪೆಂಡಾಲು ಎಲ್ಲವನ್ನೂ ಹೊರುವುದು ಬೊಲೆರೊ ಪಿಕಪ್, ಟಾಟಾ ಏಸ್, ದೋಸ್ತ್‌ನಂಥ ಗಾಡಿಗಳೇ. ಇವುಗಳ ಮಾಲೀಕರಲ್ಲಿ ಹೆಚ್ಚಿನವರು ತಾವೇ ಚಾಲಕರು. ಗಾಡಿ ಒಂದು ವಾರ ಗ್ಯಾರೇಜಿನಲ್ಲಿ ನಿಂತರೆ ಆ ತಿಂಗಳ ಕಂತು ತಪ್ಪುತ್ತದೆ. ಹಾಗಾಗಿ ಗಾಡಿಯೊಳಗೆ ಹರಿಯುವ ಕೂಲೆಂಟ್, ಎಂಜಿನ್ ಆಯಿಲ್, ಗೇರ್ ಆಯಿಲ್, ಬ್ರೇಕ್ ಆಯಿಲ್, ಡೀಸೆಲ್ ಇವುಗಳಲ್ಲಿ ಯಾವುದಕ್ಕೆ ಎಷ್ಟು ಬಿಸಿ ಸಹಜ, ಎಲ್ಲಿಂದಾಚೆ ಅಪಾಯ ಎಂಬುದು ತಿಳಿದಿರುವುದು ಲೇಸು.

ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುವುದು ವಿಶೇಷವೇನಲ್ಲ. ಮನುಷ್ಯರಿಗೆ ಅದು ಬೆಂಕಿಯ ಝಳ. ಎಂಜಿನ್ನಿನ ಲೆಕ್ಕದಲ್ಲಿ 42 ಡಿಗ್ರಿಯ ಗಾಳಿಯೂ ತಂಪೇ. ಏಕೆಂದರೆ ಸಂಕ್ರಾಂತಿಯ ಚಳಿಯಲ್ಲೂ ಅದರೊಳಗಿನ ಕೂಲೆಂಟ್ 90 ಡಿಗ್ರಿಯ ಆಸುಪಾಸಿನಲ್ಲೇ ಇತ್ತು. ಬೇಸಿಗೆ ಎಂಜಿನ್ನನ್ನು ನೇರವಾಗಿ ಕಾಯಿಸುವುದಿಲ್ಲ. ಅದು ಕಿತ್ತುಕೊಳ್ಳುವುದು ಎಂಜಿನ್ನಿಗೂ ಗಾಳಿಗೂ ನಡುವಿನ ಅಂತರವನ್ನು.

ಅಂತರದ ಲೆಕ್ಕ

ರೇಡಿಯೇಟರಿನ ಕೊಳವೆಗಳಲ್ಲಿ ಬಿಸಿ ಕೂಲೆಂಟ್ ಹರಿಯುತ್ತದೆ, ಹೊರಗಿನಿಂದ ಗಾಳಿ ಹಾದುಹೋಗುತ್ತದೆ. ಇವೆರಡರ ತಾಪಮಾನದಲ್ಲಿ ಎಷ್ಟು ವ್ಯತ್ಯಾಸವಿದೆಯೋ ಅದಕ್ಕೆ ತಕ್ಕಷ್ಟು ಬಿಸಿ ಹೊರಗೆ ಹೋಗುತ್ತದೆ. ಜನವರಿಯ ಬೆಳಿಗ್ಗೆ ಗಾಳಿ 22, ಕೂಲೆಂಟ್ 90 ಇದ್ದರೆ ಅಂತರ 68 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಗಾಳಿ 42ಕ್ಕೇರಿದರೆ ಅಂತರ 48ಕ್ಕಿಳಿಯುತ್ತದೆ. ಅದೇ ರೇಡಿಯೇಟರು, ಅದೇ ಫ್ಯಾನು, ಅದೇ ವೇಗ. ಆದರೂ ಬಿಸಿ ಹೊರಹಾಕುವ ಶಕ್ತಿಯಲ್ಲಿ ಸುಮಾರು ಶೇ 30ರಷ್ಟು ಖೋತಾ. ಡಾಂಬರಿನ ಮೇಲಿನ ಗಾಳಿ ಹವಾಮಾನ ಇಲಾಖೆ ಹೇಳುವ ಅಂಕಿಗಿಂತ ಇನ್ನಷ್ಟು ಬಿಸಿ ಇರುತ್ತದೆ. ಎ.ಸಿ. ಇರುವ ಗಾಡಿಯಾದರೆ ರೇಡಿಯೇಟರಿನ ಮುಂದಿರುವ ಕಂಡೆನ್ಸರ್ ತನ್ನ ಪಾಲಿನ ಬಿಸಿಯನ್ನೂ ಅದೇ ಗಾಳಿಗೆ ಸೇರಿಸುತ್ತದೆ.

ಇತ್ತ ಎಂಜಿನ್ ಹುಟ್ಟಿಸುವ ಬಿಸಿಯಂತೂ ಕಡಿಮೆಯಾಗುವುದಿಲ್ಲ. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 10 ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಇದೆ. ಅದರಲ್ಲಿ ಚಕ್ರ ತಿರುಗಿಸಲು ಸಿಗುವುದು ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಇನ್ನೊಂದು ಪಾಲು ಸೈಲೆನ್ಸರಿನಲ್ಲಿ ಹೋಗುತ್ತದೆ. ಉಳಿದದ್ದರ ಬಹುಭಾಗವನ್ನು ಕೂಲೆಂಟೇ ಹೊತ್ತು ಹೊರಹಾಕಬೇಕು. ಲೋಡು ಹೊತ್ತು ಏರು ಹತ್ತುವ ಗಾಡಿ ಗಂಟೆಗೆ 8 ಲೀಟರ್ ಸುಡುತ್ತಿದೆ ಎಂದುಕೊಳ್ಳಿ. ಆಗ ಆ ಒಂದು ಗಂಟೆಯಲ್ಲಿ ರೇಡಿಯೇಟರಿನ ಮೂಲಕ 20 ಯೂನಿಟ್ಟಿಗೂ ಹೆಚ್ಚಿನ ಶಾಖ ಹೊರಗೆ ಹೋಗಬೇಕು. ಹೋಗದಿದ್ದರೆ ಅದು ಒಳಗೇ ಕೂಡುತ್ತದೆ.

ಕಳೆದುಹೋದ ಅಂತರವನ್ನು ಗಾಡಿ ತಾನೇ ಒಂದಿಷ್ಟು ತುಂಬಿಕೊಳ್ಳುತ್ತದೆ. ಕೂಲೆಂಟ್ 90ರಿಂದ 96ಕ್ಕೋ 98ಕ್ಕೋ ಏರುತ್ತದೆ, ಗಾಳಿಗೂ ಅದಕ್ಕೂ ನಡುವೆ ಮತ್ತೆ ಆರೆಂಟು ಡಿಗ್ರಿ ಅಂತರ ಸಿಗುತ್ತದೆ, ಫ್ಯಾನ್ ಜೋರಾಗುತ್ತದೆ, ಬಿಸಿ ಹೊರಹೋಗುತ್ತದೆ. ಚಳಿಗಾಲಕ್ಕಿಂತ ಬೇಸಿಗೆಯಲ್ಲಿ ಐದರಿಂದ ಹತ್ತು ಡಿಗ್ರಿ ಹೆಚ್ಚು ತೋರಿಸುವ ಗಾಡಿಗೆ ರೋಗವಿಲ್ಲ. ಹೆಚ್ಚಿನ ಡೀಸೆಲ್ ಪಿಕಪ್ಪುಗಳಲ್ಲಿ ಕೂಲೆಂಟಿನ ಸಹಜ ವ್ಯಾಪ್ತಿ 85ರಿಂದ 100. ಲೋಡು ಹೊತ್ತು ಗುಡ್ಡ ಹತ್ತುವಾಗ ಸ್ವಲ್ಪ ಹೊತ್ತು 105 ಮುಟ್ಟಿದರೂ ಗಾಬರಿ ಬೇಡ. 110 ದಾಟಿದರೆ ಗಾಡಿ ನಿಲ್ಲಿಸುವ ಜಾಗ ಹುಡುಕಬೇಕು. ನಿಮ್ಮ ಮಾಡೆಲ್ಲಿನ ಖಚಿತ ಮಿತಿ ಮಾಲೀಕರ ಕೈಪಿಡಿಯಲ್ಲಿರುತ್ತದೆ. ಅಂತಿಮ ಮಾತು ಅದರದೇ.

ಇಲ್ಲಿ ನಮ್ಮ ಗ್ಯಾರೇಜುಗಳ ಒಂದು ಹಳೆಯ ಚಾಳಿಯ ಬಗ್ಗೆ ಹೇಳಲೇಬೇಕು. ಗಾಡಿ ಹೀಟ್ ಎಂದೊಡನೆ ‘ಥರ್ಮೋಸ್ಟಾಟ್ ತೆಗೆದು ಬಿಸಾಕು’ ಎನ್ನುವ ಮೇಸ್ತ್ರಿಗಳಿದ್ದಾರೆ. ಥರ್ಮೋಸ್ಟಾಟ್ ಎಂದರೆ ಎಂಜಿನ್ನಿಗೂ ರೇಡಿಯೇಟರಿಗೂ ನಡುವಿನ ಬಾಗಿಲು. ಸಾಮಾನ್ಯವಾಗಿ 82ರಿಂದ 88 ಡಿಗ್ರಿಯಲ್ಲಿ ಅದು ತೆರೆಯಲು ಶುರುವಾಗಿ, ಇನ್ನು ಹತ್ತು ಹನ್ನೆರಡು ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆದುಕೊಳ್ಳುತ್ತದೆ. ಅದನ್ನು ಕಿತ್ತರೆ ಬೆಳಗಿನ ಹೊತ್ತು ಎಂಜಿನ್ ತಕ್ಕಷ್ಟು ಬಿಸಿಯೇ ಆಗದೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಆಯಿಲ್ಲಿನಲ್ಲಿ ಸೇರಿದ ತೇವ ಆವಿಯಾಗದೆ ಉಳಿಯುತ್ತದೆ. ಇನ್ನೂ ಕೆಟ್ಟದ್ದೇನೆಂದರೆ, ಕೆಲವು ಎಂಜಿನ್ನುಗಳಲ್ಲಿ ರೇಡಿಯೇಟರಿನ ಬಾಗಿಲು ತೆರೆಯುವಾಗ ಒಳಗಿನ ಬೈಪಾಸ್ ದಾರಿಯನ್ನು ಮುಚ್ಚುವುದೂ ಇದೇ ಥರ್ಮೋಸ್ಟಾಟು. ಅದಿಲ್ಲದಿದ್ದರೆ ಒಂದಿಷ್ಟು ಬಿಸಿ ಕೂಲೆಂಟ್ ರೇಡಿಯೇಟರಿನ ಕಡೆ ಹೋಗದೆ ಎಂಜಿನ್ನಿನೊಳಗೇ ಸುತ್ತುತ್ತಿರುತ್ತದೆ. ತಂಪಾಗಲೆಂದು ಮಾಡಿದ ಕೆಲಸದಿಂದಲೇ ಗಾಡಿ ಹೀಟ್ ಆಗುತ್ತದೆ. ಥರ್ಮೋಸ್ಟಾಟ್ ಕೆಟ್ಟಿದ್ದರೆ ಹೊಸದು ಹಾಕಿಸಿ, ಖಾಲಿ ಬಿಡಬೇಡಿ.

1633 ಅಡಿ ಮತ್ತು ರೇಡಿಯೇಟರ್ ಮುಚ್ಚಳ

ಮಳೆಗಾಲದಲ್ಲಿ ನಾವೆಲ್ಲ ದಿನವೂ ಪತ್ರಿಕೆಯಲ್ಲಿ ನೋಡುವ ಅಂಕಿ ಒಂದಿದೆ: ತುಂಗಭದ್ರಾ ಜಲಾಶಯದ ಗರಿಷ್ಠ ಮಟ್ಟ 1633 ಅಡಿ. ಇದು ಅಣೆಕಟ್ಟೆಯ ಎತ್ತರವಲ್ಲ, ಸಮುದ್ರಮಟ್ಟದಿಂದ ಅಳೆದ ಎತ್ತರ. ಮೀಟರಿನಲ್ಲಿ ಸುಮಾರು 498. ಈ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಯವರೆಗೆ ಕಾಯುವುದಿಲ್ಲ, 98 ಡಿಗ್ರಿ ದಾಟುತ್ತಿದ್ದಂತೆ ಕುದಿಯುತ್ತದೆ. ಸಂಡೂರಿನ ಗುಡ್ಡಸಾಲಿನ ನೆತ್ತಿ ಕೆಲವೆಡೆ 1000 ಮೀಟರಿನ ಆಸುಪಾಸಿನಲ್ಲಿದೆ. ಅಲ್ಲಿ 97 ಡಿಗ್ರಿ ತಲುಪುವ ಮುಂಚೆಯೇ ಕುದಿ ಬರುತ್ತದೆ. ಕೂಲೆಂಟಿನ ಸಹಜ ಬಿಸಿಯೇ 100ರ ತನಕ ಹೋಗುತ್ತದೆ ಎಂದ ಮೇಲೆ ಬರೀ ನೀರು ಹಾಕಿದ, ಮುಚ್ಚಳ ಸಡಿಲವಿರುವ ಗಾಡಿ ಗುಡ್ಡದ ಮೇಲೆ ಕುದಿಯುವುದರಲ್ಲಿ ಆಶ್ಚರ್ಯವೇನಿದೆ?

ಈ ಕುದಿ ತಡೆಯುವುದು ರೇಡಿಯೇಟರಿನ ಮುಚ್ಚಳ. ಅಡುಗೆಮನೆಯ ಕುಕ್ಕರಿನ ವಿಷಲ್ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ: ಒಳಗೆ ಒತ್ತಡ ಹಿಡಿದಿಟ್ಟು ಕುದಿಯುವ ಬಿಂದುವನ್ನು ಮೇಲೇರಿಸುತ್ತದೆ. ಮುಚ್ಚಳದ ಮೇಲೆ 0.9 ಅಥವಾ 1.1 ಎಂಬ ಅಂಕಿ ಅಚ್ಚಾಗಿರುತ್ತದೆ. ಎಷ್ಟು ಬಾರ್ ಒತ್ತಡ ತಡೆಯುತ್ತದೆ ಎಂಬುದರ ಗುರುತು ಅದು. 0.9 ಬಾರಿನ ಗಟ್ಟಿ ಮುಚ್ಚಳವಿದ್ದರೆ ಹೊಸಪೇಟೆಯಲ್ಲಿ ಬರೀ ನೀರು ಕೂಡ 118 ಡಿಗ್ರಿಯ ಹತ್ತಿರದವರೆಗೆ ಕುದಿಯದೆ ನಿಲ್ಲುತ್ತದೆ. ಅರ್ಧ ಕೂಲೆಂಟ್, ಅರ್ಧ ನೀರಿನ ಮಿಶ್ರಣವಾದರೆ 125ರ ಆಸುಪಾಸಿನವರೆಗೆ. ಮುಚ್ಚಳದ ರಬ್ಬರ್ ವಾಷರು ಬಿರಿದಿದ್ದರೆ ಈ ರಕ್ಷಣೆಯೆಲ್ಲ ಸೋರಿಹೋಗುತ್ತದೆ. ಬೇಸಿಗೆಗೆ ಮುನ್ನ ಕೈಗೆತ್ತಿಕೊಳ್ಳಬೇಕಾದ ಅತಿ ಅಗ್ಗದ ರಿಪೇರಿ ಇದು. ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದು ಆ ವಾಷರಿನ ಮೇಲೆ ಬೆರಳಾಡಿಸಿದರೆ ಸಾಕು, ಗಟ್ಟಿಯಾಗಿದೆಯೋ ಬಿರುಕು ಬಿಟ್ಟಿದೆಯೋ ತಿಳಿಯುತ್ತದೆ.

ಕಂಪ್ಲಿಯ ಹೊಟ್ಟು, ಬೋರಿನ ನೀರು

ಜಲಾಶಯದಲ್ಲಿ ನೀರು ಸಾಕಷ್ಟಿದ್ದ ವರ್ಷ ಕಂಪ್ಲಿ ಕಡೆ ಎರಡನೇ ಬೆಳೆಯ ಭತ್ತ ಕಟಾವಿಗೆ ಬರುವುದು ಸರಿಯಾಗಿ ಬಿಸಿಲು ಕಾಯುವ ದಿನಗಳಲ್ಲೇ. ಮಷೀನು ಗದ್ದೆಗಿಳಿದರೆ ದಾರಿಯ ಮೇಲೆಲ್ಲ ಹೊಟ್ಟು, ದೂಳು. ಆ ಹೊಟ್ಟು ಪಿಕಪ್ಪಿನ ಮುಂಭಾಗದಲ್ಲಿ ಸೇರುವ ಬಗೆಯನ್ನು ಒಮ್ಮೆ ಬಗ್ಗಿ ನೋಡಬೇಕು. ಎದುರಿನಿಂದ ಕಾಣುವ ಎ.ಸಿ. ಕಂಡೆನ್ಸರ್ ಸ್ವಚ್ಛವಾಗಿಯೇ ಇರುತ್ತದೆ. ಅದರ ಹಿಂದೆ, ರೇಡಿಯೇಟರಿಗೂ ಅದಕ್ಕೂ ನಡುವಿನ ಬೆರಳಗಲದ ಸಂದಿನಲ್ಲಿ ಹೊಟ್ಟು, ಸತ್ತ ಹುಳು, ಒಣಗಿದ ಕಬ್ಬಿನ ಸೋಗೆಯ ಚೂರು, ಸಂಡೂರು ಕಡೆ ಹೋಗಿಬಂದ ಗಾಡಿಯಾದರೆ ಕೆಂಪು ಅದಿರಿನ ದೂಳು ಎಲ್ಲ ಸೇರಿ ಕಂಬಳಿಯಂತೆ ಮೆತ್ತಿಕೊಂಡಿರುತ್ತವೆ. ಗಾಳಿ ಹೋಗುವ ದಾರಿಯೇ ಬಂದ್. ಇಂಥ ಗಾಡಿಗೆ ಎಷ್ಟು ಕೂಲೆಂಟ್ ಹಾಕಿದರೂ ಹೀಟ್ ನಿಲ್ಲುವುದಿಲ್ಲ.

ತೊಳೆಯುವುದಕ್ಕೂ ಒಂದು ಕ್ರಮವಿದೆ. ವಾಟರ್ ಸರ್ವಿಸಿನವರು ಮುಂದಿನಿಂದ ಜೋರಾಗಿ ನೀರು ಹೊಡೆದರೆ ಕಸ ಇನ್ನಷ್ಟು ಒಳಕ್ಕೆ ಹೋಗಿ ಕೂರುತ್ತದೆ, ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಎಂಜಿನ್ ತಣ್ಣಗಾದ ಮೇಲೆ, ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದ ನೀರನ್ನು ನಿಧಾನವಾಗಿ ಬಿಡಬೇಕು. ಹೊರಬರುವ ನೀರು ಕೆಂಪಿಳಿದು ತಿಳಿಯಾಗುವವರೆಗೆ ಬಿಡುತ್ತಿರಬೇಕು.

ಇನ್ನು ಒಳಗೆ ಹಾಕುವ ನೀರಿನ ಮಾತು. ಈ ಭಾಗದಲ್ಲಿ ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ದಾರಿಯಲ್ಲಿ ಗಾಡಿ ನಿಂತರೆ ಕ್ಯಾನ್ ಅದ್ದಿ ಕಾಲುವೆ ನೀರನ್ನೇ ರೇಡಿಯೇಟರಿಗೆ ಸುರಿಯುವುದು ರೂಢಿ. ಕಾಲುವೆ ದೂರವಿದ್ದರೆ ಬೋರ್‌ವೆಲ್ ನೀರು. ಆಪತ್ತಿಗೆ ಅದು ಸರಿ. ಮನೆ ಮುಟ್ಟಿದ ಮೇಲೆ ಅದನ್ನೇ ಮುಂದುವರಿಸುವುದು ತಪ್ಪು. ಗಡಸು ನೀರು ಕಾದಾಗ ಅದರಲ್ಲಿನ ಸುಣ್ಣದ ಅಂಶ ಬೇರ್ಪಟ್ಟು ಎಂಜಿನ್ನಿನ ಒಳದಾರಿಗಳಲ್ಲಿ, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಪದರುಗಟ್ಟುತ್ತದೆ. ಆ ಪದರು ಬಿಸಿಯನ್ನು ಲೋಹದಿಂದ ನೀರಿಗೆ ದಾಟಗೊಡುವುದಿಲ್ಲ. ಕಾಲುವೆ ನೀರಿನ ಸಣ್ಣ ಮಣ್ಣು ಕೊಳವೆಗಳ ತಳದಲ್ಲಿ ಕೂರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನೇ ಕೂಲೆಂಟಿನ ಜೊತೆ ಬೆರೆಸಬೇಕು.

ಕೂಲೆಂಟ್ ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ಸರಿಯಲ್ಲ. ಬಿಸಿಯನ್ನು ಹೊರುವುದರಲ್ಲಿ ನೀರಿಗೆ ಸಮನಾದ ದ್ರವ ಸಿಗುವುದು ಕಷ್ಟ. ಅರ್ಧ ಗ್ಲೈಕಾಲ್ ಸೇರಿದ ಮಿಶ್ರಣ ನೀರಿಗಿಂತ ಸುಮಾರು ಶೇ 15ರಷ್ಟು ಕಡಿಮೆ ಬಿಸಿ ಹೊರುತ್ತದೆ. ಗ್ಲೈಕಾಲಿನ ಉಪಯೋಗ ಬೇರೆಡೆ ಇದೆ: ಕುದಿಬಿಂದು ಏರಿಸುವುದರಲ್ಲಿ, ಅದರ ಜೊತೆ ಬೆರೆಸಿರುವ ರಾಸಾಯನಿಕಗಳಿಂದ ತುಕ್ಕು ತಡೆಯುವುದರಲ್ಲಿ. ಅರ್ಧಕ್ಕರ್ಧ ಮಿಶ್ರಣ ನಮ್ಮ ಸೀಮೆಗೆ ಸಾಕು. ಡಬ್ಬದ ಮೇಲೆ ‘ರೆಡಿ ಟು ಯೂಸ್’ ಎಂದಿದ್ದರೆ ಮತ್ತೆ ನೀರು ಬೆರೆಸುವಂತಿಲ್ಲ, ‘ಕಾನ್ಸಂಟ್ರೇಟ್’ ಎಂದಿದ್ದರೆ ಬೆರೆಸದೆ ಹಾಕುವಂತಿಲ್ಲ. ಈ ಒಂದು ಸಾಲನ್ನು ಓದದೆ ಹಾಕಿಸಿಕೊಳ್ಳುವವರೇ ಹೆಚ್ಚು.

ಹಂಪಿಯ ತೇರು, ಗಾಡಿಯ ಫ್ಯಾನು

ಗಾಡಿ ಓಡುವಾಗ ಗಾಳಿ ತಾನಾಗಿಯೇ ರೇಡಿಯೇಟರಿಗೆ ನುಗ್ಗುತ್ತದೆ. ಹೆದ್ದಾರಿಯಲ್ಲಿ 60 ಕಿ.ಮೀ. ವೇಗದಲ್ಲಿ ಹೋಗುವ ಗಾಡಿಗೆ ಫ್ಯಾನಿನ ಹಂಗು ಅಷ್ಟಾಗಿ ಇಲ್ಲ. ಚೈತ್ರದಲ್ಲಿ ಹಂಪಿಯ ವಿರೂಪಾಕ್ಷನ ತೇರಿನ ದಿನ ಕಮಲಾಪುರದಿಂದಾಚೆ ಮೊದಲನೇ ಗೇರಿನಲ್ಲಿ ತೆವಳುವ ಗಾಡಿಗೆ ಫ್ಯಾನೇ ಆಸರೆ. ಹಗಲಿಡೀ ಕಾದ ಬಂಡೆಗಳು ಸಂಜೆಯವರೆಗೂ ಝಳ ಬಿಡುತ್ತಲೇ ಇರುತ್ತವೆ. ಹೆದ್ದಾರಿಯಲ್ಲಿ 90 ತೋರಿಸುತ್ತಿದ್ದ ಗಾಡಿ ಇಂಥ ಕಡೆ 100 ತೋರಿಸಬಹುದು. ಮುಂದೆ ದಾರಿ ತೆರವಾಗಿ ಐದು ನಿಮಿಷ ಓಡಿದ ಮೇಲೆ ಮತ್ತೆ 90ಕ್ಕೆ ಇಳಿದರೆ ಎಲ್ಲ ಸರಿಯಿದೆ ಎಂದರ್ಥ. ನಿಂತಾಗ ಏರಿ, ಓಡಿದಾಗ ಇಳಿಯುವುದು ಅತಿಯಾದರೆ ಮಾತ್ರ ಫ್ಯಾನಿನ ಮೇಲೆ ಅನುಮಾನ ಪಡಬೇಕು. ನಿಂತಾಗ ಸರಿಯಿದ್ದು, ಲೋಡಿನಲ್ಲಿ ಓಡುವಾಗ ಏರಿದರೆ ಅನುಮಾನ ಹೋಗಬೇಕಾದದ್ದು ಕಟ್ಟಿಕೊಂಡ ರೇಡಿಯೇಟರು, ನೀರಿನ ಪಂಪು, ಅರೆಬರೆ ತೆರೆಯುವ ಥರ್ಮೋಸ್ಟಾಟುಗಳ ಮೇಲೆ. ಯಾವಾಗ ಏರುತ್ತದೆ ಎಂದು ನೀವು ಸರಿಯಾಗಿ ಹೇಳಿದರೆ ಮೇಸ್ತ್ರಿಗೆ ಅರ್ಧ ಕೆಲಸ ಉಳಿಯುತ್ತದೆ.

ಅನೇಕ ಪಿಕಪ್ಪುಗಳಲ್ಲಿ ಬೆಲ್ಟಿನಿಂದ ತಿರುಗುವ ವಿಸ್ಕಸ್ ಫ್ಯಾನ್ ಇರುತ್ತದೆ. ಅದರ ನಡುವಿನ ಗುಂಡನೆಯ ಭಾಗದಲ್ಲಿ ಸಿಲಿಕೋನ್ ಎಣ್ಣೆ ತುಂಬಿರುತ್ತದೆ. ರೇಡಿಯೇಟರಿನಿಂದ ಬರುವ ಗಾಳಿ ಬಿಸಿಯಾದಂತೆ ಎಣ್ಣೆ ಬಿಗಿಹಿಡಿದು ಫ್ಯಾನು ಜೋರಾಗಿ ತಿರುಗುತ್ತದೆ. ಬೇಸಿಗೆಯಲ್ಲಿ ಕೇಳುವ ಆ ಭೋರ್ಗರೆತ ಫ್ಯಾನು ಸರಿಯಿದೆ ಎಂಬುದರ ಸಾಕ್ಷಿ. ಎಷ್ಟೇ ಬಿಸಿಯಾದರೂ ಸದ್ದು ಏರದಿದ್ದರೆ ಎಣ್ಣೆ ಸೋರಿರಬಹುದು. ಬಿಸಿಯಾದ ಎಂಜಿನ್ ಬಂದ್ ಮಾಡಿ, ಕೀಲಿ ಕಿತ್ತುಕೊಂಡು, ಫ್ಯಾನನ್ನು ಕೈಯಿಂದ ತಿರುವಿದರೆ ತಕ್ಷಣ ನಿಲ್ಲಬೇಕು. ಸಲೀಸಾಗಿ ಮೂರ್ನಾಲ್ಕು ಸುತ್ತು ಹೋದರೆ ಅದನ್ನು ಬದಲಿಸುವ ಕಾಲ ಬಂದಿದೆ. ಎಲೆಕ್ಟ್ರಿಕ್ ಫ್ಯಾನ್ ಇರುವ ಗಾಡಿಗೆ ಈ ಪರೀಕ್ಷೆ ಬೇಡ. ಎಂಜಿನ್ ಬಂದ್ ಆದ ಮೇಲೂ ಅದು ತಾನಾಗಿ ತಿರುಗಿ ಬೆರಳು ಕತ್ತರಿಸೀತು.

ಸಂಡೂರಿನ ಏರು: ಆಯಿಲ್ಲಿನ ಪರೀಕ್ಷೆ

ಹತ್ತೊಂಬತ್ತನೇ ಶತಮಾನದಲ್ಲಿ ಬಳ್ಳಾರಿಯ ಬಿಸಿಲು ತಾಳಲಾರದ ಬ್ರಿಟಿಷ್ ಸೈನಿಕರಿಗೆ ಆರೋಗ್ಯಧಾಮವಾಗಿದ್ದದ್ದು ಸಂಡೂರಿನ ರಾಮಘಡ. ಕೆಳಗಿನ ಬಯಲಿಗಿಂತ ಅಲ್ಲಿ ತಂಪು. ಮನುಷ್ಯ ತಂಪಿಗೆಂದು ಹತ್ತುವ ಇದೇ ಗುಡ್ಡ ಎಂಜಿನ್ನಿಗೆ ಅತಿ ಬಿಸಿಯ ಜಾಗ. ಎರಡನೇ ಗೇರು, ಒತ್ತಿಹಿಡಿದ ಆಕ್ಸಿಲರೇಟರು, 20 ಕಿ.ಮೀ. ವೇಗ. ಸುಡುವ ಡೀಸೆಲ್ ಜಾಸ್ತಿ, ಎದುರಿನಿಂದ ನುಗ್ಗುವ ಗಾಳಿ ಕಡಿಮೆ.

ಕೂಲೆಂಟಿನ ಬಿಸಿಯನ್ನಾದರೂ ಡ್ಯಾಷ್‌ಬೋರ್ಡಿನ ಮುಳ್ಳು ತೋರಿಸುತ್ತದೆ. ಎಂಜಿನ್ ಆಯಿಲ್ಲಿನ ಬಿಸಿ ತೋರಿಸುವ ಮುಳ್ಳು ನಮ್ಮ ಪಿಕಪ್ಪುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಲೋಡಿನಲ್ಲಿ ಆಯಿಲ್ ಕೂಲೆಂಟಿಗಿಂತ ಐದರಿಂದ ಹದಿನೈದು ಡಿಗ್ರಿ ಹೆಚ್ಚು ಬಿಸಿ ಇರುತ್ತದೆ. ಕಾಯುವುದೂ ನಿಧಾನ, ಆರುವುದೂ ನಿಧಾನ. ಸಂಪಿನಲ್ಲಿ 95ರಿಂದ 115 ಡಿಗ್ರಿ ಸಹಜ. ಗುಡ್ಡ ಹತ್ತುವಾಗ 120 ದಾಟಬಹುದು. 130ರ ಮೇಲೆ ಬಹಳ ಹೊತ್ತು ನಿಂತರೆ ಆಯಿಲ್ಲಿನ ಆಯುಸ್ಸು ಕರಗತೊಡಗುತ್ತದೆ. ತಾಪಮಾನ 10 ಡಿಗ್ರಿ ಏರಿದರೆ ಆಯಿಲ್ ಕೆಡುವ ವೇಗ ಇಮ್ಮಡಿಯಾಗುತ್ತದೆ ಎಂಬುದು ಸ್ಥೂಲ ಲೆಕ್ಕ. ಅಂದರೆ 100 ಡಿಗ್ರಿಯಲ್ಲಿ ನಾಲ್ಕು ಗಂಟೆ ಓಡಿದಾಗ ಆಗುವ ಸವೆತ 120ರಲ್ಲಿ ಒಂದೇ ಗಂಟೆಯಲ್ಲಿ ಆಗುತ್ತದೆ. ಅದಿರಿನ ದೂಳಿನಲ್ಲಿ, ಲೋಡಿನಲ್ಲಿ ದಿನವೂ ಗುಡ್ಡ ಹತ್ತುವ ಗಾಡಿಗೆ ಕೈಪಿಡಿಯ ‘ಕಠಿಣ ಬಳಕೆ’ಯ ಕಿ.ಮೀ. ಅನ್ವಯವಾಗುತ್ತದೆ, ಸಾಮಾನ್ಯ ಬಳಕೆಯದಲ್ಲ.

ಆಯಿಲ್ ಡಬ್ಬದ ಮೇಲಿನ 15ಡಬ್ಲ್ಯು-40 ಎಂಬಲ್ಲಿ 40 ಎಂದರೆ ಹೊರಗಿನ ಬಿಸಿಲು 40 ಡಿಗ್ರಿ ಎಂದು ತಿಳಿದು, ನಮ್ಮೂರಿಗೆ 50ರದ್ದೇ ಹಾಕಿ ಎನ್ನುವವರಿದ್ದಾರೆ. ಆ 40 ಎಂಬುದು ಆಯಿಲ್ 100 ಡಿಗ್ರಿ ಕಾದಾಗ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದರ ದರ್ಜೆ. 100 ಡಿಗ್ರಿ ಎಂಜಿನ್ನಿನ ನಿತ್ಯದ ಬಿಸಿ ಎಂದೇ ಮಾನದಂಡ ರೂಪಿಸಿದವರು ಅಳತೆಗೆ ಆ ಅಂಕಿ ಆರಿಸಿಕೊಂಡರು. ಕಂಪನಿ ಹೇಳಿದ ದರ್ಜೆ ಬಿಟ್ಟು ದಪ್ಪ ಆಯಿಲ್ ಹಾಕಿದರೆ ಪಂಪಿಗೆ ಹೊರೆ, ಡೀಸೆಲ್ ಖರ್ಚು.

ಏರು ಹತ್ತಿದ ಗಾಡಿಯನ್ನು ನೆತ್ತಿಯ ಮೇಲೆ ಗಕ್ಕನೆ ಬಂದ್ ಮಾಡುವುದೂ ಒಳ್ಳೆಯದಲ್ಲ. ಟರ್ಬೊ ಹಾದುಹೋಗುವ ಹೊಗೆ ಲೋಡಿನಲ್ಲಿ 600 ಡಿಗ್ರಿಯನ್ನೂ ದಾಟುತ್ತದೆ. ಎಂಜಿನ್ ನಿಂತೊಡನೆ ಟರ್ಬೊಗೆ ಆಯಿಲ್ ಹರಿಯುವುದೂ ನಿಲ್ಲುತ್ತದೆ, ಅಲ್ಲೇ ಉಳಿದ ಆಯಿಲ್ ಸುಟ್ಟು ಕರಿಕಟ್ಟುತ್ತದೆ. ಕೂಲೆಂಟ್ ಪಂಪೂ ನಿಲ್ಲುವುದರಿಂದ ಮುಳ್ಳು ಇಳಿಯುವ ಬದಲು ಇನ್ನಷ್ಟು ಏರುತ್ತದೆ. ಎರಡು ನಿಮಿಷ ಐಡಲ್ ಓಡಿಸಿ ಆಮೇಲೆ ಕೀಲಿ ತಿರುಗಿಸಿ. ಗೇರ್‌ಬಾಕ್ಸ್ ಮತ್ತು ಹಿಂದಿನ ಹೌಸಿಂಗಿನ ಆಯಿಲ್ಲಿಗೆ 70ರಿಂದ 110 ಡಿಗ್ರಿ ಸಹಜ. ಅಲ್ಲಿ ಬಿಸಿಗಿಂತ ಹೆಚ್ಚು ಕೇಡು ಮಾಡುವುದು ಸೀಲ್ ಸೋರಿ ಆಯಿಲ್ ಕಡಿಮೆಯಾಗುವುದು.

ಸಂಡೂರಿನ ಇಳಿಜಾರು: ಬ್ರೇಕ್ ಆಯಿಲ್ಲಿನ ಪರೀಕ್ಷೆ

ಹತ್ತುವಾಗ ಬೆವರುವುದು ಎಂಜಿನ್ನಾದರೆ ಇಳಿಯುವಾಗ ಬೆವರುವುದು ಬ್ರೇಕು. 3 ಟನ್ ತೂಕದ ಗಾಡಿ 400 ಮೀಟರ್ ಎತ್ತರದಿಂದ ಇಳಿದರೆ 3 ಯೂನಿಟ್ಟಿಗೂ ಹೆಚ್ಚಿನ ಶಕ್ತಿ ಎಲ್ಲೋ ಒಂದು ಕಡೆ ಬಿಸಿಯಾಗಿ ಕಳೆಯಲೇಬೇಕು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ಲಿನಲ್ಲಿ ಬಿಟ್ಟರೆ ಅದರ ಬಹುಪಾಲನ್ನು ಬ್ರೇಕ್ ಡ್ರಮ್ಮು, ಡಿಸ್ಕುಗಳೇ ನುಂಗಬೇಕಾಗುತ್ತದೆ. ಆ ಬಿಸಿ ಪ್ಯಾಡಿನ ಮೂಲಕ ಬ್ರೇಕ್ ಆಯಿಲ್ಲಿಗೆ ಇಳಿಯುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಹೊಸ ಡಾಟ್-3 ಆಯಿಲ್ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್-4 ಆದರೆ 230 ಮತ್ತು 155. ಒಮ್ಮೆ ಕುದಿ ಬಂತೆಂದರೆ ಪೈಪಿನಲ್ಲಿ ಆವಿಯ ಗುಳ್ಳೆ ಸೇರುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಎಂಬ ಹಳೆಯ ಚಾಲಕರ ಮಾತಿನ ಹಿಂದಿರುವುದು ಇದೇ ಲೆಕ್ಕ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ. ಅದರ ಮಟ್ಟ ಸರಿಯಿದ್ದರೂ ಒಳಗೆ ತೇವವಿರುತ್ತದೆ.

ಡೀಸೆಲ್ ಬಗ್ಗೆ ಎರಡೇ ಮಾತು. 10 ಡಿಗ್ರಿ ಕಾದರೆ ಡೀಸೆಲ್ ಸುಮಾರು ಶೇ 0.8ರಷ್ಟು ಹಿಗ್ಗುತ್ತದೆ. ಬೆಳಗಿನ ತಂಪಿನಲ್ಲಿ 60 ಲೀಟರಿನ ಟ್ಯಾಂಕನ್ನು ಕಂಠಮಟ್ಟ ತುಂಬಿಸಿ ಬಿಸಿಲಲ್ಲಿ ನಿಲ್ಲಿಸಿದರೆ ಮಧ್ಯಾಹ್ನಕ್ಕೆ ಹತ್ತಿರ ಹತ್ತಿರ ಒಂದು ಲೀಟರಿಗೆ ಜಾಗ ಸಾಲದು. ಹಾಗೆಂದು ಟ್ಯಾಂಕಿನ ತಳ ಕಾಣುವವರೆಗೂ ಓಡಿಸಬೇಡಿ. ಕಾಮನ್ ರೇಲ್ ಎಂಜಿನ್ನಿನಲ್ಲಿ ಮಿಕ್ಕ ಡೀಸೆಲ್ ಬಿಸಿಯಾಗಿಯೇ ಟ್ಯಾಂಕಿಗೆ ಮರಳುತ್ತದೆ. ಅದನ್ನು ತಣಿಸಲು ಟ್ಯಾಂಕಿನಲ್ಲಿ ಒಂದಿಷ್ಟಾದರೂ ಡೀಸೆಲ್ ಇರಬೇಕು.

ಮುಳ್ಳು ಮುಚ್ಚಿಡುವ ಸತ್ಯ

ಡ್ಯಾಷ್‌ಬೋರ್ಡಿನ ಮುಳ್ಳನ್ನು ಪೂರ್ತಿ ನಂಬುವಂತಿಲ್ಲ. ಚಾಲಕರು ಸುಮ್ಮನೆ ಗಾಬರಿಯಾಗಬಾರದೆಂದು ಅನೇಕ ಗಾಡಿಗಳಲ್ಲಿ ಕೂಲೆಂಟ್ 80 ಇರಲಿ 100 ಇರಲಿ ಮುಳ್ಳು ನಡುವೆಯೇ ನಿಲ್ಲುವಂತೆ ಹೊಂದಿಸಿರುತ್ತಾರೆ. ಅದು ನಡುಮಧ್ಯದಿಂದ ಕದಲಿತೆಂದರೆ ಆಗಲೇ ತಡವಾಗಿರುತ್ತದೆ. ಇನ್ನೊಂದು ಮೋಸವಿದೆ. ಸೋರಿಕೆಯಾಗಿ ಕೂಲೆಂಟ್ ಖಾಲಿಯಾದರೆ ಸೆನ್ಸರು ದ್ರವದಿಂದ ಹೊರಗುಳಿಯುತ್ತದೆ. ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಕ್ಕಿಳಿಯಬಹುದು. ಏರುತ್ತಿದ್ದ ಮುಳ್ಳು ಏರಿನ ನಡುವೆ ಕಾರಣವಿಲ್ಲದೆ ಬಿದ್ದರೆ ನಿಟ್ಟುಸಿರು ಬಿಡಬೇಡಿ, ಗಾಡಿ ನಿಲ್ಲಿಸಿ.

2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ನಿಯಮದ ಗಾಡಿಗಳಲ್ಲಿ ಸ್ಟೀರಿಂಗಿನ ಕೆಳಗೆ ಒಬಿಡಿ ಪೋರ್ಟ್ ಇರುತ್ತದೆ. ಅದಕ್ಕೆ ಸಿಕ್ಕಿಸುವ ಸಣ್ಣ ಬ್ಲೂಟೂತ್ ಸಾಧನ ಕೊಂಡರೆ ಮೊಬೈಲಿನಲ್ಲೇ ಕೂಲೆಂಟಿನ ನಿಜವಾದ ಅಂಕಿ ಕಾಣುತ್ತದೆ. ಅದನ್ನು ಓದಲು ನೆನಪಿಡಬೇಕಾದ ಅಂಕಿಗಳು, ಡಿಗ್ರಿ ಸೆಲ್ಸಿಯಸ್‌ನಲ್ಲಿ, ಇಷ್ಟೇ:

ಕೂಲೆಂಟ್: 85ರಿಂದ 100 ಸಹಜ, ಏರಿನಲ್ಲಿ ಕೊಂಚ ಹೊತ್ತು 105, 110 ದಾಟಿದರೆ ನಿಲ್ಲಿಸಿ.
ಎಂಜಿನ್ ಆಯಿಲ್: 95ರಿಂದ 115 ಸಹಜ, ಲೋಡಿನಲ್ಲಿ 120 ಮೀರಬಹುದು, 130ರ ಮೇಲೆ ಕೇಡು.
ಗೇರ್‌ಬಾಕ್ಸ್, ಹೌಸಿಂಗ್ ಆಯಿಲ್: 70ರಿಂದ 110.
ಆಟೊಮ್ಯಾಟಿಕ್ ಗೇರಿನ ಆಯಿಲ್: 75ರಿಂದ 95, 120ರ ಮೇಲೆ ಬೇಗ ಕೆಡುತ್ತದೆ.
ಹಳೆಯ ಬ್ರೇಕ್ ಆಯಿಲ್: ಡಾಟ್-3ಕ್ಕೆ 140, ಡಾಟ್-4ಕ್ಕೆ 155 ಕುದಿಯ ಗಡಿ.

ಮುಳ್ಳು ಕೆಂಪಿಗೆ ಹೋಯಿತು ಎನ್ನಿ. ಮೊದಲು ಎ.ಸಿ. ಬಂದ್ ಮಾಡಿ. ಕ್ಯಾಬಿನ್ ಹೀಟರ್ ಇದ್ದರೆ ಪೂರ್ತಿ ಹಾಕಿ. ನಿಮಗೆ ಹಿಂಸೆ, ಎಂಜಿನ್ನಿಗೆ ಅದೊಂದು ಸಣ್ಣ ರೇಡಿಯೇಟರು. ನೆರಳು ಕಂಡಲ್ಲಿ ನಿಲ್ಲಿಸಿ. ಆವಿ ಏಳದೆ, ಸೋರಿಕೆ ಕಾಣದೆ ಇದ್ದರೆ ಐಡಲ್ಲಿನಲ್ಲಿ ಓಡಲು ಬಿಡಿ, ಪಂಪು, ಫ್ಯಾನು ಬಿಸಿಯನ್ನು ಹೊರಹಾಕುತ್ತವೆ. ಆವಿ ಬಂದರೆ, ಕೂಲೆಂಟ್ ಸೋರುತ್ತಿದ್ದರೆ ಕೂಡಲೇ ಬಂದ್ ಮಾಡಿ. ಮುಚ್ಚಳಕ್ಕೆ ಕೈ ಹಚ್ಚುವುದು ಮುಕ್ಕಾಲು ಗಂಟೆಯಾದರೂ ಕಳೆದ ಮೇಲೆ, ಮೇಲಿನ ಹೋಸ್ ಪೈಪು ಮುಟ್ಟುವಷ್ಟು ಆರಿದ ಮೇಲೆ. ಒತ್ತಡದಲ್ಲಿದ್ದ ಕೂಲೆಂಟ್ ಮುಚ್ಚಳ ತೆಗೆದ ಕ್ಷಣ ಕುದಿದು ಮುಖಕ್ಕೇ ಚಿಮ್ಮುತ್ತದೆ. ಕಾದು ಒಣಗಿದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಹೆಡ್ ಬಿರಿಯುತ್ತದೆ ಇಲ್ಲವೆ ಸೊಟ್ಟಗಾಗುತ್ತದೆ.

ಪದೇ ಪದೇ ಕೂಲೆಂಟ್ ಕಡಿಮೆಯಾಗುತ್ತಿದ್ದರೆ ‘ಬೇಸಿಗಿ ಅಲ್ರಿ, ನೀರು ಕುಡೀತೈತಿ’ ಎಂದು ಸಮಾಧಾನ ಮಾಡಿಕೊಳ್ಳುವುದು ಬಿಡಬೇಕು. ಕೂಲೆಂಟ್ ಓಡುವುದು ಮುಚ್ಚಿದ ದಾರಿಯಲ್ಲಿ. ಸರಿಯಿರುವ ಗಾಡಿ ತಿಂಗಳುಗಟ್ಟಲೆ ಓಡಿದರೂ ಬಾಟಲಿಯ ಮಟ್ಟ ಹೆಚ್ಚು ಇಳಿಯುವುದಿಲ್ಲ. ಇಳಿಯುತ್ತಿದೆ ಎಂದರೆ ಹೋಸ್, ಪಂಪು, ರೇಡಿಯೇಟರು, ಹೆಡ್ ಗ್ಯಾಸ್ಕೆಟ್ ಇವುಗಳಲ್ಲಿ ಯಾವುದೋ ಒಂದು ಸೋರುತ್ತಿದೆ.

ಒಟ್ಟು ಮಾತು ಇದು: ಪಕ್ಕದವರ ಗಾಡಿಯ ಅಂಕಿ ನಿಮ್ಮ ಗಾಡಿಗೆ ಅಳತೆಗೋಲಾಗದು. ಇಂದೇ ಒಂದು ಚೀಟಿಯಲ್ಲಿ ಮೂರು ಅಂಕಿ ಬರೆದಿಡಿ: ಖಾಲಿ ಗಾಡಿ ಹೆದ್ದಾರಿಯಲ್ಲಿ ಎಷ್ಟು, ಲೋಡು ಹೊತ್ತು ಏರಿನಲ್ಲಿ ಎಷ್ಟು, ಸಂತೆಯ ಗದ್ದಲದಲ್ಲಿ ತೆವಳುವಾಗ ಎಷ್ಟು. ಮುಂದಿನ ವಾರ ಅದೇ ದಾರಿ, ಅದೇ ಲೋಡು, ಅಂಥದ್ದೇ ಬಿಸಿಲಿನಲ್ಲಿ ಎಂಟು ಹತ್ತು ಡಿಗ್ರಿ ಹೆಚ್ಚು ಕಂಡರೆ ಬಿಸಿಲನ್ನು ಬೈಯದೆ ನೇರ ಗ್ಯಾರೇಜಿಗೆ ಹೋಗಿ. ಆ ಹೊತ್ತಿಗೆ ಕೆಲಸ ಮುಚ್ಚಳ, ಹೋಸ್, ಥರ್ಮೋಸ್ಟಾಟಿನಲ್ಲೇ ಮುಗಿಯುವ ಸಾಧ್ಯತೆ ಹೆಚ್ಚು. ಕೆಂಪು ದೀಪ ಹೊತ್ತುವ ತನಕ ಕಾದರೆ ಹೆಡ್ಡು ಬಿಚ್ಚಿಸಬೇಕಾಗುತ್ತದೆ, ಬಿಲ್ಲು ಹತ್ತಾರು ಸಾವಿರ ದಾಟುತ್ತದೆ, ಸುಗ್ಗಿಯ ಬಾಡಿಗೆಯೆಲ್ಲ ಬೇರೆ ಗಾಡಿಗೆ ಹೋಗುತ್ತದೆ.